ನಮ್ಮೂರ ಸುದ್ದಿ ನಾವೇ ಬರೆಯೋಣ
(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ: ಪತ್ರಿಕೆಗೂ ಮೊಬೈಲಿಗೂ ವರದಿ ಬರೆಯುವ ರೀತಿ)



ಉಳಿತಾಯ, ಸಾಲ, ಪುಸ್ತಕ ನಿರ್ವಹಣೆ, ತಾಯಿ-ಮಗುವಿನ ಆರೋಗ್ಯ ಮುಂತಾದ ವಿಷಯಗಳ ಮೇಲೆ ನಮ್ಮ ಸಂಘಗಳಲ್ಲಿ ಪಾಠಗಳು ನಡೆಯುತ್ತಲೇ ಇರುತ್ತವೆ. ಈ ಸಲ ಬೇರೆ ಒಂದು ಕೌಶಲವನ್ನು ಕಲಿಯೋಣ. ಅದು ವರದಿ ಬರೆಯುವ ಕೌಶಲ. "ಯಕ್ಕಾ, ಪೇಪರಿಗೆ ಬರಿಯೋದು ನಮ್ಮ ಕೈಲಿ ಆಗ್ತೈತೇನ್ರಿ? ಅದು ಕಲಿತವರ ಕೆಲಸ" ಎಂದು ಹೇಳುವವರು ಎಲ್ಲ ಸಂಘದಲ್ಲೂ ಇದ್ದಾರೆ. ಆದರೆ ನಮ್ಮ ಕಷ್ಟ ನಾವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ. ಅವರು ಅರ್ಧ ಕೇಳಿ ಅರ್ಧ ಬರೆಯುತ್ತಾರೆ.

ಒಂದು ಉದಾಹರಣೆ ನೋಡಿ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಾಳಲಾರದೆ ನಮ್ಮ ಹಾವೇರಿ ಜಿಲ್ಲೆಯ ಮಹಿಳೆಯರು ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗಳಿಗೆ ಕಳಿಸಿದರು. ಆ ಸುದ್ದಿ ಪತ್ರಿಕೆ, ಟಿ.ವಿ., ಮೊಬೈಲ್ ಎಲ್ಲದರಲ್ಲೂ ಬಂತು. ಬೇರೆ ಜಿಲ್ಲೆಗಳಿಂದಲೂ ಇಂಥ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಷ್ಟ ಮೊದಲೂ ಇತ್ತು. ಅದು ಸುದ್ದಿಯಾದ ಮೇಲೆ ಕಾನೂನಿನ ಬಾಗಿಲು ತೆರೆಯಿತು.

ಈ ಪಾಠದ ಉದ್ದೇಶ

1. ಯಾವುದು ಸುದ್ದಿ, ಯಾವುದು ಬರೀ ಮಾತು ಎಂದು ಗುರುತಿಸುವುದು.
2. ಆರು ಪ್ರಶ್ನೆ ಕೇಳಿ ವಿಷಯ ಸಂಗ್ರಹಿಸುವುದು.
3. ಬರೆಯುವ ಮೊದಲು ಪರೀಕ್ಷೆ ಮಾಡುವುದು.
4. ಚಿಕ್ಕ ವರದಿ ಬರೆದು ಫೋಟೋ ಸಮೇತ ಕಳಿಸುವುದು.

ಅರ್ಧ ಕೆಲಸ ನಮಗೆ ಬರುತ್ತದೆ

ನಿಮ್ಮ ಸಂಘದ ಠರಾವು ಪುಸ್ತಕ ತೆಗೆದು ನೋಡಿ. ಸಭೆ ಯಾವ ದಿನ, ಎಲ್ಲಿ ನಡೆಯಿತು, ಎಷ್ಟು ಜನ ಹಾಜರಿದ್ದರು, ಯಾರಿಗೆ ಎಷ್ಟು ಸಾಲ, ಯಾಕೆ, ಯಾವಾಗ ತೀರಿಸಬೇಕು ಎಂದೆಲ್ಲ ಬರೆದಿರುತ್ತದೆ. ಅದರಲ್ಲಿ "ಬಹಳ ಜನ ಬಂದಿದ್ದರು" ಎಂದು ಬರೆಯುವುದಿಲ್ಲ, "ಹಾಜರಿ 14" ಎಂದು ಬರೆಯುತ್ತೇವೆ. "ಸ್ವಲ್ಪ ಸಾಲ ಕೊಟ್ಟೆವು" ಅನ್ನುವುದಿಲ್ಲ, "5,000 ರೂ." ಅನ್ನುತ್ತೇವೆ. ಕೊನೆಗೆ ಎಲ್ಲರಿಗೂ ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುತ್ತೇವೆ. ವರದಿಗಾರರು ಮಾಡುವುದೂ ಇದನ್ನೇ. ಠರಾವು ಪುಸ್ತಕವನ್ನು ಸರಿಯಾಗಿ ಬರೆಯುವ ಅಕ್ಕ ಅರ್ಧ ವರದಿಗಾರ್ತಿ ಆಗಿಬಿಟ್ಟಿದ್ದಾಳೆ. ಇನ್ನರ್ಧ ಈ ಪಾಠದಲ್ಲಿದೆ.

ನಮಗಿಂತ ಮೊದಲು ಬರೆದವರು

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಇದನ್ನು ಹೊರತಂದರು. ಅದಕ್ಕೇ ಪ್ರತಿ ವರ್ಷ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ನಂಜನಗೂಡು ತಿರುಮಲಾಂಬಾ (1887-1982) ಅವರು ಬಾಲ್ಯದಲ್ಲೇ ವಿಧವೆಯಾದವರು. ಮನೆಯಲ್ಲೇ ಓದು ಕಲಿತು, ನೂರು ವರ್ಷಕ್ಕೂ ಹಿಂದೆ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ನಾಡೋಜ ಪಾಟೀಲ ಪುಟ್ಟಪ್ಪನವರು ನಮ್ಮ ಹಾವೇರಿ ತಾಲೂಕಿನ ಕುರಬಗೊಂಡದವರು. 'ಪ್ರಪಂಚ' ವಾರಪತ್ರಿಕೆಯಿಂದ ನಾಡಿಗೆಲ್ಲ ಹೆಸರಾದರು.

ನಮ್ಮಂಥ ಹಳ್ಳಿಯ ಮಹಿಳೆಯರ ಕಥೆಯೂ ಇದೆ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ 'ಖಬರ್ ಲಹರಿಯಾ' ಎಂಬ ಪತ್ರಿಕೆ ಶುರುವಾಯಿತು. ವರದಿ ಮಾಡುವವರು ಹಳ್ಳಿಯ ಮಹಿಳೆಯರು, ಹೆಚ್ಚಿನವರು ದಲಿತ ಕುಟುಂಬದವರು. ಕೆಲವರು ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಊರಿನ ರಸ್ತೆ, ನೀರು, ದೌರ್ಜನ್ಯ ಎಲ್ಲವನ್ನೂ ತಮ್ಮ ಆಡುಮಾತಿನಲ್ಲೇ ಬರೆದರು. ಮುಂದೆ ಕಾಗದ ಬಿಟ್ಟು ಮೊಬೈಲ್ ಹಿಡಿದು ವಿಡಿಯೋ ಸುದ್ದಿ ಮಾಡಿದರು. ಅವರ ಬಗ್ಗೆ ತೆಗೆದ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ಪ್ರಶಸ್ತಿಯ ಕೊನೆಯ ಸುತ್ತಿಗೆ ಹೋಗಿತ್ತು. ಅವರಿಗೆ ಆದದ್ದು ನಮಗೆ ಯಾಕೆ ಆಗಬಾರದು?

ಸುದ್ದಿ ಎಲ್ಲಿದೆ?

ಮಂತ್ರಿಗಳು ಬಂದರೆ, ಅಪಘಾತ ಆದರೆ ಮಾತ್ರ ಸುದ್ದಿ ಎಂದು ತಿಳಿಯಬೇಡಿ. ಹತ್ತು ಮನೆಯವರಿಗೆ ಲಾಭವೋ ನಷ್ಟವೋ ಆಗುವ ವಿಷಯ, ಇತರರಿಗೆ ಗೊತ್ತಾಗಬೇಕಾದ ವಿಷಯ ಯಾವುದಿದ್ದರೂ ಸುದ್ದಿಯೇ. ನಮ್ಮ ಮೂರು ತಾಲೂಕಿನಲ್ಲಿ ಹುಡುಕಿದರೆ:

ಬ್ಯಾಡಗಿ: ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಜಿ.ಐ. ಮಾನ್ಯತೆ (ಭೌಗೋಳಿಕ ಗುರುತು) ಸಿಕ್ಕಿತು. ಡಬ್ಬಿ, ಕಡ್ಡಿ ದರ ದಿನಾ ಪೇಪರಿನಲ್ಲಿ ಬರುತ್ತದೆ. ಆದರೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕಿಲೋಕ್ಕೆ ಎಷ್ಟು ಕೂಲಿ? ಘಾಟಿಗೆ ಕೆಮ್ಮು, ಕಣ್ಣುರಿ ಬಂದರೆ ಔಷಧದ ಖರ್ಚು ಯಾರದು? ಕೆಲಸದ ಜಾಗದಲ್ಲಿ ಶೌಚಾಲಯ ಇದೆಯೇ?

ರಾಣೆಬೆನ್ನೂರು: ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವವರು ಎಷ್ಟು ಹೊತ್ತಿಗೆ ಏಳುತ್ತಾರೆ? ಆ ಸೀಸನ್ನಿನಲ್ಲಿ ಶಾಲೆಯ ಹಾಜರಿ ಕಡಿಮೆ ಆಗುತ್ತದೆಯೇ?

ಹಾವೇರಿ: 2019ರ ಆಗಸ್ಟ್‌ನಲ್ಲಿ ವರದಾ ನದಿಯ ನೆರೆಗೆ ಮನೆ ಬಿದ್ದವರಲ್ಲಿ ಯಾರಿಗೆ ಪೂರ್ತಿ ಪರಿಹಾರ ಸಿಕ್ಕಿತು, ಯಾರಿಗೆ ಕಂತು ನಿಂತಿತು? ಜಿಲ್ಲಾ ಆಸ್ಪತ್ರೆಗೆ ಹೋದ ಗರ್ಭಿಣಿ ಎಷ್ಟು ಹೊತ್ತು ಕಾಯಬೇಕು?

ಇವೆಲ್ಲ ನಾವು ದಿನಾ ನೋಡುವ, ಅನುಭವಿಸುವ ಸಂಗತಿಗಳು. ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಬರುವ ವರದಿಗಾರರಿಗೆ ಇವು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಆರು ಪ್ರಶ್ನೆಗಳು

ಯಾವ ಸುದ್ದಿಗೂ ಆರು ಪ್ರಶ್ನೆ: ಏನು? ಯಾರು? ಯಾವಾಗ? ಎಲ್ಲಿ? ಯಾಕೆ? ಹೇಗೆ? ನಾವೆಲ್ಲ ಕೇಳಿರುವ ಒಂದು ಘಟನೆಯ ಮೇಲೆ ಇವನ್ನು ಇಟ್ಟು ನೋಡೋಣ.

ಏನು? ಒಣ ಮೆಣಸಿನಕಾಯಿ ದರ ದಿಢೀರ್ ಕುಸಿಯಿತೆಂದು ರೊಚ್ಚಿಗೆದ್ದವರು ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದರು. ಯಾರು? ಮಾಲು ತಂದಿದ್ದ ರೈತರು. ಯಾವಾಗ? 2024ರ ಮಾರ್ಚ್ 11, ಸೋಮವಾರ, ಸಂತೆಯ ದಿನ. ಎಲ್ಲಿ? ಬ್ಯಾಡಗಿ ಎಪಿಎಂಸಿ ಮಾರುಕಟ್ಟೆ.

ಈ ನಾಲ್ಕಕ್ಕೆ ಉತ್ತರ ಬೇಗ ಸಿಗುತ್ತದೆ. ಉಳಿದ ಎರಡು ಕಷ್ಟ. ಯಾಕೆ ಕುಸಿಯಿತು? ರೈತ ಒಂದು ಹೇಳುತ್ತಾನೆ, ದಲಾಲರು ಇನ್ನೊಂದು ಹೇಳುತ್ತಾರೆ, ಎಪಿಎಂಸಿ ಅಧಿಕಾರಿಗಳು ಮತ್ತೊಂದು. ಹೇಗೆ ಆಯಿತು? ಕಣ್ಣಾರೆ ಕಂಡವರನ್ನೇ ಕೇಳಬೇಕು. ಒಳ್ಳೆಯ ವರದಿಯಲ್ಲಿ ಮೂವರ ಮಾತೂ ಇರುತ್ತದೆ, ಯಾವುದು ಯಾರ ಮಾತು ಎಂದೂ ಇರುತ್ತದೆ. ನಾವು ಇನ್ನೂ ಒಂದು ಪ್ರಶ್ನೆ ಸೇರಿಸಬಹುದು: ಆ ಗಲಾಟೆಯಿಂದ ತೊಟ್ಟು ಬಿಡಿಸುವ ಕೂಲಿ ಹೆಣ್ಣುಮಕ್ಕಳಿಗೆ ಎಷ್ಟು ದಿನದ ಕೆಲಸ ತಪ್ಪಿತು? ಇಂಥ ಪ್ರಶ್ನೆ ಕೇಳಲು ನಮ್ಮಂಥವರೇ ಬೇಕು.

ಕೇಳುವುದು, ಬರೆದುಕೊಳ್ಳುವುದು

* ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಪುಟದ ಮೇಲೆ ತಾರೀಖು, ಹೊತ್ತು, ಊರು ಬರೆಯಿರಿ.
* ಮೊದಲು ನೀವು ಯಾರು, ಯಾಕೆ ಕೇಳುತ್ತಿದ್ದೀರಿ ಎಂದು ಹೇಳಿ. ಸುಳ್ಳು ಹೇಳಿ ಮಾತು ಹೊರಡಿಸಬೇಡಿ.
* "ಕಷ್ಟ ಆಯ್ತಲ್ಲ?" ಎಂದು ಕೇಳಿದರೆ "ಹೌದು" ಅಂತಾರೆ, ಮಾತು ಮುಗಿಯುತ್ತದೆ. "ಏನಾಯ್ತು ಹೇಳ್ರಿ" ಎಂದು ಕೇಳಿದರೆ ಪೂರ್ತಿ ಹೇಳುತ್ತಾರೆ.
* ಹೆಸರು, ವಯಸ್ಸು, ಊರು, ಹಣದ ಲೆಕ್ಕ ಇವನ್ನು ಎರಡು ಸಲ ಕೇಳಿ. ಅಡ್ಡಹೆಸರನ್ನು ಅವರಿಂದಲೇ ಬರೆಸಿಕೊಳ್ಳಿ.
* ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡುವುದಾದರೆ ಒಪ್ಪಿಗೆ ಕೇಳಿ. "ಹೆಸರು ಹಾಕಬ್ಯಾಡ್ರಿ" ಅಂದರೆ ಆ ಮಾತು ಉಳಿಸಿಕೊಳ್ಳಿ. ಹೆಸರು ಹೊರಬಿದ್ದು ನಾಳೆಯಿಂದ ಆಕೆಯ ಕೂಲಿ ಹೋದರೆ ನಿಮ್ಮ ವರದಿ ಆಕೆಗೆ ಊಟ ಹಾಕುವುದಿಲ್ಲ.

ಪರೀಕ್ಷೆ ಮಾಡದೆ ಮುಂದೆ ಕಳಿಸಬೇಡಿ

ಇದು ಪಾಠದ ಮುಖ್ಯ ಭಾಗ. ಸಭೆಯಲ್ಲಿ ನಿಧಾನವಾಗಿ ಓದಿ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ಹರಡಿತು. ಜನ ಸೇರಿ ಹೊಡೆದರು. ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಸತ್ತುಹೋದರು. ಅವರು ಕಳ್ಳರಾಗಿರಲಿಲ್ಲ. ಆ ಸಂದೇಶವನ್ನು ಮುಂದೆ ಕಳಿಸಿದ ಒಬ್ಬೊಬ್ಬರೂ "ನಾನು ಬರೀ ಫಾರ್ವರ್ಡ್ ಮಾಡಿದೆ" ಎಂದುಕೊಂಡಿರಬೇಕು.

ನಮ್ಮ ಜಿಲ್ಲೆಯದೇ ಇನ್ನೊಂದು. 2024ರ ನವೆಂಬರಿನಲ್ಲಿ ಹಾನಗಲ್ ತಾಲೂಕಿನ ಒಬ್ಬ ರೈತರ ಆತ್ಮಹತ್ಯೆಗೆ ಜಮೀನಿನ ದಾಖಲೆಯ ವಿವಾದವೇ ಕಾರಣ ಎಂದು ಆನ್‌ಲೈನ್ ಸುದ್ದಿ ಬಂತು. ದೊಡ್ಡ ದೊಡ್ಡವರೂ ಅದನ್ನು ಹಂಚಿಕೊಂಡರು. ಆ ಸಾವು 2022ರ ಜನವರಿಯದು, ಸಾಲ ಮತ್ತು ಬೆಳೆನಷ್ಟ ಕಾರಣವೆಂದು ಆಗಲೇ ದಾಖಲಾಗಿತ್ತು ಎಂದು ಹಾವೇರಿ ಜಿಲ್ಲಾ ಪೊಲೀಸರು ಸ್ಪಷ್ಟನೆ ಕೊಟ್ಟರು. "ಇದು ಯಾವಾಗ ಆಗಿದ್ದು?" ಎಂಬ ಒಂದೇ ಪ್ರಶ್ನೆ ಮೊದಲೇ ಕೇಳಿದ್ದರೆ ಸಾಕಾಗಿತ್ತು.

ಆದ್ದರಿಂದ ಈ ನಾಲ್ಕು ನಿಯಮ:

1. ಕಂಡದ್ದು ಬೇರೆ, ಕೇಳಿದ್ದು ಬೇರೆ. ಕೇಳಿದ್ದಾದರೆ ಯಾರಿಂದ ಕೇಳಿದ್ದೆಂದು ಬರೆಯಿರಿ.
2. ಒಬ್ಬರ ಮಾತು ಸಾಲದು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರನ್ನಾದರೂ ಕೇಳಿ. ಕಾಗದಪತ್ರ ಇದ್ದರೆ ಕಣ್ಣಾರೆ ನೋಡಿ.
3. ಆರೋಪ ಯಾರ ಮೇಲಿದೆಯೋ ಅವರ ಉತ್ತರವನ್ನೂ ಕೇಳಿ ಹಾಕಿ. ಅವರು ಉತ್ತರ ಕೊಡದಿದ್ದರೆ "ಕೇಳಿದಾಗ ಪ್ರತಿಕ್ರಿಯೆ ನೀಡಲಿಲ್ಲ" ಎಂದು ಬರೆಯಿರಿ.
4. ಹಳೇ ಫೋಟೋ, ಬೇರೆ ಊರಿನ ವಿಡಿಯೋ ಹೊಸ ಸುದ್ದಿಯ ವೇಷದಲ್ಲಿ ಬರುತ್ತದೆ. ಎಲ್ಲಿನದು, ಯಾವಾಗಿನದು ಎಂದು ಗೊತ್ತಾಗದಿದ್ದರೆ ಅಲ್ಲಿಗೇ ಬಿಡಿ.

ಬರೆಯುವ ರೀತಿ

ಮುಖ್ಯ ವಿಷಯ ಮೊದಲ ವಾಕ್ಯದಲ್ಲೇ ಬರಬೇಕು. ಕಥೆಯ ಹಾಗೆ ಕೊನೆಗೆ ಇಡಬಾರದು. ಪೇಪರಿನಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ, ಮೊಬೈಲಿನಲ್ಲಿ ಓದುವವರು ಎರಡು ಸಾಲು ನೋಡಿ ಮುಂದೆ ಹೋಗುತ್ತಾರೆ. ಆದ್ದರಿಂದ ಹೆಚ್ಚು ಮುಖ್ಯವಾದದ್ದು ಮೇಲೆ, ಕಡಿಮೆ ಮುಖ್ಯವಾದದ್ದು ಕೆಳಗೆ. ವಾಕ್ಯ ಚಿಕ್ಕದಿರಲಿ.

ಕೆಳಗೆ ಎರಡು ಮಾದರಿ ಇವೆ. ಎರಡೂ ಪಾಠಕ್ಕಾಗಿ ಕಲ್ಪಿಸಿಕೊಂಡವು.

ಮಾದರಿ 1: "ನಮ್ಮೂರಲ್ಲಿ ಫೈನಾನ್ಸ್‌ನವರ ಕಾಟ ವಿಪರೀತವಾಗಿದೆ. ಬಡವರ ರಕ್ತ ಹೀರುತ್ತಿದ್ದಾರೆ. ಹಗಲು ರಾತ್ರಿ ಎನ್ನದೆ ಪೀಡಿಸುತ್ತಿದ್ದಾರೆ. ಸಂಬಂಧಪಟ್ಟವರು ಗಮನ ಹರಿಸಬೇಕು."

ಮಾದರಿ 2: "ಸಾಲದ ಎರಡು ಕಂತು ಬಾಕಿ ಇದ್ದ ಇಲ್ಲಿನ ಮೂವರು ಮಹಿಳೆಯರಿಗೆ ಫೈನಾನ್ಸ್ ಕಂಪನಿಯೊಂದರ ಸಿಬ್ಬಂದಿ ಸೋಮವಾರ ರಾತ್ರಿ 8 ಗಂಟೆಗೆ ಫೋನ್ ಮಾಡಿ, 8.30ಕ್ಕೆ ಮನೆಗೂ ಬಂದು, ಹಣ ಕೊಡುವ ತನಕ ಏಳುವುದಿಲ್ಲವೆಂದು ಬಾಗಿಲಲ್ಲಿ ಕುಳಿತರು ಎಂದು ಮಹಿಳೆಯರು ದೂರಿದ್ದಾರೆ. ಮೂವರೂ ತಲಾ 40,000 ರೂ. ಸಾಲ ಪಡೆದಿದ್ದು, ವಾರಕ್ಕೆ 880 ರೂ.ನಂತೆ 52 ವಾರ ಕಟ್ಟಬೇಕಿದೆ. ಮಳೆಯಿಂದ ಎರಡು ವಾರ ಕೂಲಿ ಸಿಗದೆ ಕಂತು ತಪ್ಪಿತು ಎಂದು ಒಬ್ಬ ಮಹಿಳೆ ಹೇಳಿದರು. ಸಿಬ್ಬಂದಿ ರಾತ್ರಿ ಕುಳಿತಿದ್ದನ್ನು ಕಂಡಿದ್ದಾಗಿ ಪಕ್ಕದ ಮನೆಯ ಇಬ್ಬರು ತಿಳಿಸಿದರು. ವಿಚಾರಿಸುವುದಾಗಿ ಕಂಪನಿಯ ಶಾಖಾ ವ್ಯವಸ್ಥಾಪಕರು ತಿಳಿಸಿದ್ದಾರೆ."

ಮೊದಲನೆಯದರಲ್ಲಿ ಸಿಟ್ಟು ಇದೆ, ಸಂಗತಿ ಇಲ್ಲ. ಓದಿದ ಅಧಿಕಾರಿ "ಯಾರು, ಯಾವಾಗ?" ಎಂದು ಕೇಳಿ ಕಾಗದ ಮಡಚಿ ಇಡುತ್ತಾರೆ. ಎರಡನೆಯದರಲ್ಲಿ "ರಕ್ತ ಹೀರುತ್ತಾರೆ" ಎಂಬ ಮಾತೇ ಇಲ್ಲ, ಆದರೂ ಅದಕ್ಕೇ ಹೆಚ್ಚು ಬಲ. ಯಾಕೆ ಗೊತ್ತೇ? ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲಗಾರರಿಗೆ ವಸೂಲಿಗಾಗಿ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಕರೆ ಮಾಡುವುದು ಬಲವಂತದ ವಸೂಲಿ ಎನಿಸುತ್ತದೆ. ಗೊತ್ತುಮಾಡಿದ ಜಾಗಕ್ಕೆ ಸಾಲಗಾರರು ಎರಡು ಸಲ ಬರದಿದ್ದರೆ ಸಿಬ್ಬಂದಿ ಮನೆಗೆ ಬರಬಹುದು ಎಂದೂ ಅದೇ ನಿಯಮದಲ್ಲಿದೆ. ಅಂದರೆ ಇಲ್ಲಿ "ಮನೆಗೆ ಬಂದರು" ಎಂಬುದಷ್ಟೇ ದೂರಲ್ಲ, "ರಾತ್ರಿ 8 ಗಂಟೆ" ಎಂಬುದು ದೂರು. ಗಡಿಯಾರ ನೋಡಿ ಬರೆದಿಟ್ಟ ಒಂದು ಹೊತ್ತು ಹತ್ತು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಲೆಕ್ಕವನ್ನೂ ನೋಡಿ. 880 ರೂ.ನಂತೆ 52 ವಾರಕ್ಕೆ 45,760 ರೂ. ಆಗುತ್ತದೆ. ನಿಮ್ಮ ವರದಿಯ ಪ್ರತಿ ಸಂಖ್ಯೆಯನ್ನೂ ಹೀಗೆ ಕೂಡಿ ಕಳೆದು ನೋಡಬೇಕು. ಸಂಘದ ಲೆಕ್ಕ ಬರೆಯುವವರಿಗೆ ಇದು ಹೊಸದಲ್ಲ.

ಮೊಬೈಲ್ ಮತ್ತು ಫೋಟೋ

* ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಸಿಕೊಳ್ಳಿ. ಟೈಪ್ ಮಾಡಲು ಕಷ್ಟವಾದರೆ ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಅಕ್ಷರ ಮೂಡಿಸುತ್ತದೆ. ಆಮೇಲೆ ತಪ್ಪು ತಿದ್ದಬೇಕು. ಊರಿನ ಹೆಸರು, ಅಡ್ಡಹೆಸರು ಇವುಗಳಲ್ಲಿ ತಪ್ಪು ಹೆಚ್ಚು.
* ಮೂರು ಫೋಟೋ ತೆಗೆಯಿರಿ: ದೂರದಿಂದ ಇಡೀ ಜಾಗ, ಹತ್ತಿರದಿಂದ ಜನ, ತೀರಾ ಹತ್ತಿರದಿಂದ ಮುಖ್ಯ ವಸ್ತು. ಮೊಬೈಲನ್ನು ಅಡ್ಡ ಹಿಡಿಯಿರಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ.
* ಪ್ರತಿ ಫೋಟೋ ಜೊತೆ ಎಲ್ಲಿ, ಯಾವಾಗ, ಯಾರು, ಏನು ಎಂದು ಒಂದು ಸಾಲು ಬರೆಯಿರಿ.
* ಆನ್‌ಲೈನಿನಲ್ಲಿ ಹಾಕಿದ್ದು ತಪ್ಪೆಂದು ಗೊತ್ತಾದರೆ ಸುಮ್ಮನೆ ಅಳಿಸಬೇಡಿ. ಸರಿಯಾದದ್ದನ್ನು ಹಾಕಿ, "ತಿದ್ದಲಾಗಿದೆ" ಎಂದು ತಿಳಿಸಿ. ಮೊದಲು ಓದಿದವರಿಗೂ ಸರಿಯಾದದ್ದು ಗೊತ್ತಾಗಬೇಕಲ್ಲವೇ?

ಬರೆಯಬಾರದ್ದು

* ಅತ್ಯಾಚಾರ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಎಲ್ಲೂ ಬರಬಾರದು. ಗುರುತು ಸಿಗುವಂತೆ ತಂದೆಯ ಹೆಸರು, ಶಾಲೆ, ಮನೆಯ ಫೋಟೋ ಕೂಡ ಬರಬಾರದು. ಇದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 2 ವರ್ಷದವರೆಗೆ ಜೈಲು ಇದೆ. ಮಕ್ಕಳಿಗೆ ಪೋಕ್ಸೋ ಕಾಯ್ದೆಯಲ್ಲೂ ಇದೇ ರಕ್ಷಣೆ ಇದೆ.
* ಆತ್ಮಹತ್ಯೆಯ ಸುದ್ದಿಯಲ್ಲಿ ಹೇಗೆ ಮಾಡಿಕೊಂಡರೆಂದು ವಿವರಿಸಬೇಡಿ. ಅದೇ ನೋವಿನಲ್ಲಿರುವ ಇನ್ನೊಬ್ಬರು ಓದುತ್ತಿರುತ್ತಾರೆ.
* ಆಧಾರವಿಲ್ಲದೆ ಯಾರನ್ನೂ ಕಳ್ಳ, ಲಂಚಕೋರ ಎಂದು ಬರೆಯಬೇಡಿ. ಅದು ಮಾನನಷ್ಟದ ಕೇಸಿಗೆ ದಾರಿ.
* ಜಗಳದ ಸುದ್ದಿಯಲ್ಲಿ ಜಾತಿ, ಧರ್ಮ ಎತ್ತಬೇಡಿ. ನಮ್ಮ ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂಡುತ್ತೇವೆ. ನಮ್ಮ ಬರಹ ಆ ಚಾಪೆ ಹರಿಯಬಾರದು.
* ಸುದ್ದಿ ಹಾಕಲು ಅಥವಾ ಹಾಕದಿರಲು ಹಣ, ಸೀರೆ, ಊಟ ಯಾವುದನ್ನೂ ತೆಗೆದುಕೊಳ್ಳಬೇಡಿ.

ಎಲ್ಲಿಗೆ ಕಳಿಸುವುದು?

ಮೊದಲ ಮೆಟ್ಟಿಲು ಓದುಗರ ಪತ್ರ. ಎಲ್ಲ ದಿನಪತ್ರಿಕೆಗಳಲ್ಲೂ ಇದಕ್ಕೆ ಜಾಗವಿದೆ. ನೂರು ನೂರೈವತ್ತು ಪದ ಸಾಕು, ಒಂದು ಪತ್ರದಲ್ಲಿ ಒಂದೇ ವಿಷಯ. ಎರಡನೆಯದು ಒಕ್ಕೂಟದ ಪತ್ರಿಕಾ ಪ್ರಕಟಣೆ: ಕಾರ್ಯಕ್ರಮ ನಡೆದ ದಿನವೇ ಸಂಜೆಯೊಳಗೆ ತಾಲೂಕು ವರದಿಗಾರರಿಗೆ ಕಳಿಸಬೇಕು, ಕೆಳಗೆ ಒಕ್ಕೂಟದ ಹೆಸರು, ಸಹಿ, ಫೋನ್ ನಂಬರ್ ಇರಬೇಕು. ಮೂರನೆಯದು ನಮ್ಮದೇ ಈ ಪತ್ರ. ನಿಮ್ಮ ಸಂಘದ ವರದಿಯನ್ನು ಕ್ಷೇತ್ರ ಕಾರ್ಯಕರ್ತೆಯ ಕೈಯಲ್ಲಿ ಕಳಿಸಿ.

ಕಚೇರಿಯಲ್ಲಿ ಮಾಹಿತಿ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ (2005) ಇದೆ. 10 ರೂ. ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಆ ಉತ್ತರವೇ ನಿಮ್ಮ ವರದಿಗೆ ಗಟ್ಟಿ ಸಾಕ್ಷಿ.

ಸಂತರೊಬ್ಬರ ನೆನಪು

ಪತ್ರಕರ್ತರ ಪಾಲಕ ಸಂತರು ಸಂತ ಫ್ರಾನ್ಸಿಸ್ ದಿ ಸೇಲ್ಸ್ (1567-1622). ಜನ ತಮ್ಮ ಮಾತು ಕೇಳಲು ಬಾರದಿದ್ದಾಗ ಅವರು ಚಿಕ್ಕ ಹಾಳೆಗಳಲ್ಲಿ ಬರೆದು ಮನೆಮನೆಯ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದರಂತೆ. 1923ರಲ್ಲಿ ಪೋಪ್ 11ನೇ ಪಿಯೂಸ್ ಅವರು ಇವರನ್ನು ಬರಹಗಾರರ ಪಾಲಕರೆಂದು ಸಾರಿದರು. ಜನವರಿ 24 ಅವರ ಹಬ್ಬ. ಬೈಯದೆ, ಕೂಗದೆ, ಮೃದುವಾಗಿ ಬರೆದೇ ಜನರ ಮನಸ್ಸು ಮುಟ್ಟಿದವರು ಅವರು. ಯಾವ ಧರ್ಮದವರಾದರೂ ಈ ಗುಣ ನಮಗೆಲ್ಲ ಬೇಕು.

ಸಂಘದಲ್ಲಿ ಮಾಡುವ ಅಭ್ಯಾಸ

1. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಇನ್ನೊಬ್ಬರನ್ನು ಹತ್ತು ನಿಮಿಷ "ನಿನ್ನೆ ನೀವು ಮಾಡಿದ ಕೆಲಸ, ಸಿಕ್ಕ ಕೂಲಿ" ಎಂಬ ವಿಷಯದ ಮೇಲೆ ಕೇಳಲಿ. ಐದು ವಾಕ್ಯ ಬರೆದು ಸಭೆಗೆ ಓದಲಿ. ಹೇಳಿದವರು "ಹೌದು, ನಾ ಹೇಳಿದ್ದು ಇದೇ" ಎಂದರೆ ಪಾಸು.
2. ಬರೆಯಲು ಬಾರದ ಸಹೋದರಿಯರು ಹೇಳಲಿ, ಬರುವವರು ಬರೆಯಲಿ. ಕೊನೆಗೆ ಓದಿ ಹೇಳುವುದು ಕಡ್ಡಾಯ.
3. ಈ ವಾರ ವಾಟ್ಸಾಪಿನಲ್ಲಿ ಬಂದ ಒಂದು ಸುದ್ದಿ ಆರಿಸಿ. ಆರು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಇದೆ ಎಣಿಸಿ.
4. ಮುಂದಿನ ಸಭೆಯೊಳಗೆ ಪ್ರತಿ ಸಂಘದಿಂದ ಒಂದು ವರದಿ ಬರಲಿ.

ಚರ್ಚೆಗೆ ಪ್ರಶ್ನೆಗಳು

* ನಮ್ಮೂರಿನ ಯಾವ ಕಷ್ಟ ಇದುವರೆಗೆ ಪೇಪರಿನಲ್ಲಿ ಬಂದಿಲ್ಲ? ಯಾಕೆ?
* ವರದಿ ಬಂದರೆ ಯಾರಿಗೆ ತೊಂದರೆ ಆಗಬಹುದು? ಅವರನ್ನು ಹೇಗೆ ಕಾಪಾಡುವುದು?
* ತಪ್ಪು ಮಾಡಿದವರು ನಮ್ಮ ಬಳಗದವರೇ ಆಗಿದ್ದರೆ ನಾವು ಬರೆಯುತ್ತೇವೆಯೇ?

ಸಹೋದರಿಯರೇ, ಕೊನೆಯ ಪ್ರಶ್ನೆಗೆ ಬೇಗ ಉತ್ತರ ಕೊಡಬೇಡಿ, ಕೂಡಿ ಮಾತಾಡಿ. ಉಳಿತಾಯದ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪಿದರೂ ನಾವು ಎದ್ದು ಹೋಗುವುದಿಲ್ಲ, ಲೆಕ್ಕ ಸಿಗುವ ತನಕ ಹುಡುಕುತ್ತೇವೆ. ಸುದ್ದಿಯಲ್ಲೂ ಅಷ್ಟೇ ಹಟ ಇರಲಿ. ನಿಮ್ಮ ವರದಿಗಳಿಗೆ ಕಾಯುತ್ತೇವೆ.